ಹೊಸ್ತಿಲ ಮೇಲಿನ ರಾಗಿ ಮೂಟೆ

ಮೊದಲೇ ಹೇಳಿಬಿಡುತ್ತೇನೆ, ನಾನು ಮಾಡಿದ್ದು ತಪ್ಪು. ಆದರೆ ನಮ್ಮ ಬೀಗಿತ್ತಿ ಹೇಳಿ ಕಳುಹಿಸಿದಂಥ ಮಾತು ನಿಮಗೆ ಬಂದಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ.

ಕನ್ನಂಬಾಡಿ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ನನ್ನ ಒಬ್ಬಳೇ ಮಗಳು ಕಾವೇರಿ, ಮಾಗಡಿಯ ಗಂಡನ ಮನೆಯಿಂದ ಬಾಣಂತನಕ್ಕೆ ಹೊಂಗನೂರಿಗೆ ಬಂದಿದ್ದಳು. ಗಂಡು ಕೂಸು, ಮರಿಲಿಂಗ. ಒಂಬತ್ತು ತಿಂಗಳು ತುಂಬಿದಾಗ ಬೀಗಿತ್ತಿ ಹೇಳಿ ಕಳುಹಿಸಿದಳು: "ಕೂಸು ಹುಟ್ಟಿದ ಮನೆ ಹೊಸ್ತಿಲ ತಾನೇ ದಾಟ್ಬೇಕು, ಅದು ನಮ್ಮನೆ ಪದ್ಧತಿ. ದಾಟಿದ ದಿನ ತಿಳಿಸಿ, ತಾಯಿ ಮಗನ್ನ ಕರ್ಕೊಂಡೋಗಕ್ಕೆ ಗಾಡಿ ಕಟ್ಕೊಂಡು ಬತ್ತೀವಿ." ಅವತ್ತಿನಿಂದ ನನಗೆ ನಮ್ಮ ಹೊಸ್ತಿಲು ಕಂಡರೆ ಆಗುತ್ತಿರಲಿಲ್ಲ.

ಎಂಟನೇ ತಿಂಗಳಲ್ಲಿ ಕೂಸು ಹೊಟ್ಟೆ ಎಳೆದುಕೊಂಡು ಹಿಂದಕ್ಕೆ ಹೋಗುತ್ತಿತ್ತು. ಮುಂದಿಟ್ಟ ಗಿಲಕಿ ದೂರವಾದಷ್ಟೂ ಸಿಟ್ಟಿಗೆದ್ದು ಕಿರುಚುತ್ತಿತ್ತು. ಅಷ್ಟನ್ನು ಕಾವೇರಿಯೂ ನೋಡಿದ್ದಳು. ಆಮೇಲಿನದು ಕಂಡವಳು ನಾನೊಬ್ಬಳೇ. ರೇಷ್ಮೆ ಹುಳು ಸಾಕುವ ಕಾಲ. ಅವಳೂ ನಮ್ಮ ಯಜಮಾನರೂ ಬೆಳಗಾದರೆ ಹಿಪ್ಪುನೇರಳೆ ಸೊಪ್ಪಿಗೆ ಹೋದವರು, ಹುಳುಗಳಿಗೆ ಸೊಪ್ಪು ಹಾಕುವುದರಲ್ಲೇ ಹೊತ್ತು ಕಳೆಯುತ್ತಿದ್ದರು. ಇತ್ತ ಕೂಸು ಮಂಡಿಯೂರಿತು, ಬಿದ್ದ ರಾಗಿಕಾಳನ್ನು ಎರಡೇ ಬೆರಳಲ್ಲಿ ಹೆಕ್ಕಿತು, ನಡುಮನೆಯ ಕಂಬ ಹಿಡಿದು ಎದ್ದು ನಿಂತಿತು. ನಿಂತಮೇಲೆ ಕೂರುವುದು ಹೇಗೆಂದು ತಿಳಿಯದೆ ಅಳುತ್ತಿತ್ತು. ಕಾವೇರಿ ಹಾಲೂಡಿಸಲು ಬರುವ ಹೊತ್ತಿಗೆ ಸರಿಯಾಗಿ ನಾನು ಅದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಿರುತ್ತಿದ್ದೆ. ಸಂಜೆ ಅವರು ಬರುವ ಮೊದಲೇ ತೂಗಿ ಮಲಗಿಸಿಬಿಡುತ್ತಿದ್ದೆ.

ಸಾಲದು ಅಂತ ಬಾಗಿಲಿಗೆ ಅಡ್ಡವಾಗಿ ಒಂದು ರಾಗಿ ಮೂಟೆ ಉರುಳಿಸಿದೆ. ಯಜಮಾನರು ದಿನಾ ಎಡವಿ, "ಇದ್ಯಾಕಮ್ಮಿ ಇಲ್ಲೈತೆ?" ಅಂದರೆ, "ಬಿಸ್ಲಿಗ್ ಹಾಕ್ಬೇಕು" ಅನ್ನುತ್ತಿದ್ದೆ. ಹದಿನೈದು ದಿನ ಆ ಮೂಟೆಗೆ ಬಿಸಿಲೇ ಬರಲಿಲ್ಲ.

ನಮ್ಮ ಹೊಲದ ಹಾಲೆ ಮರ ಕೊಳ್ಳುತ್ತಿದ್ದ ಚನ್ನಪಟ್ಟಣದ ಇಮಾಮ್ ಸಾಬ್, ಗೊಂಬೆ ಮಾಡುವವರು, ಒಂದು ಮೂರು ಗಾಲಿಯ ನಡೆಗಾಡಿ ತಂದುಕೊಟ್ಟರು. ಕೆಂಪು, ಹಳದಿ ಅರಗು ಬಳಿದದ್ದು.

"ಇದ ಹಿಡ್ಕೊಂಡ್ರೆ ಎರಡೇ ದಿನಕ್ಕೆ ಓಡ್ತಾನೆ ಸಿದ್ದಮ್ಮೋರೆ."

ಅದಕ್ಕೇ ಬೇಡ ಅನ್ನಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಅವರು ಅತ್ತ ಹೋದ ಮೇಲೆ ಅದನ್ನು ಅಟ್ಟಕ್ಕೆ ಹಾಕಿದೆ.

ಒಂದು ಮಧ್ಯಾಹ್ನ ಕಾವೇರಿ ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು. ಕಣ್ಣಲ್ಲಿ ನೀರು.

"ಅವ್ವ, ಇವನ ಕಾಲಲ್ಲಿ ಶಕ್ತಿ ಇಲ್ಲ ಅನ್ಸುತ್ತೆ. ಇವನ ವಾರಿಗೆ ಕೂಸ್ಗಳೆಲ್ಲ ಬೀದಿಗೆ ಬಂದವೆ. ನಡೆದ್ರೆ ಸಾಕು ಅಂತ ಮನೆದೇವ್ರಿಗೆ ಹರಸ್ಕೊಂಡಿವ್ನಿ. ಅವ್ರಿಗೆ ನಾನ್ ಏನಂತ ಹೇಳ್ಲವ್ವ?"

ಅವಳಿಗೆ ಗಂಡನ ನೆನಪು ಕಾಡುತ್ತಿದೆ ಎಂದು ಗೊತ್ತಿತ್ತು, ಗೊತ್ತಿಲ್ಲದಂತೆ ಇದ್ದೆ. ಆದರೆ ಈ ಭಯವನ್ನು ಅವಳ ಹೊಟ್ಟೆಯೊಳಗೆ ಇಟ್ಟವಳು ನಾನು.

ಅವಳು ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋದಳು. ನಾನು ಮೂಟೆಯನ್ನು ಗೋಡೆಗೆ ಸರಿಸಿದೆ, ಕೂಸನ್ನು ನಡುಮನೆಯಲ್ಲಿ ಬಿಟ್ಟೆ, ಹೊರಗೆ ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತೆ. ನೋಡುವ ಧೈರ್ಯ ಇರಲಿಲ್ಲ. ಕೂತು ಚೆನ್ನಾಗಿ ಅತ್ತೆ.

ಕೂಸಿನ ಕಾಲ್ಗೆಜ್ಜೆಯ ಸದ್ದು ಹತ್ತಿರ ಬಂತು, ನಿಂತಿತು. ತಿರುಗಿದರೆ, ಹೊಸ್ತಿಲ ಮೇಲೆ ಹೊಟ್ಟೆ ಸಿಕ್ಕಿಕೊಂಡು ಮುಖ ಕೆಂಪಗಾಗಿತ್ತು. ತಿಣುಕಿ ತಿಣುಕಿ ಒಂದು ಕೈ ಹೊರಗೆ ಊರಿತು, ಇನ್ನೊಂದು ಊರಿತು, ತಲೆ ಮುಂದಾಗಿ ನನ್ನ ಸೆರಗಿನ ಮೇಲೆ ಬಿತ್ತು. ನಾನು ಹೊರಗಿದ್ದೆ, ಅದಕ್ಕೆ ಅದೂ ಹೊರಗೆ ಬಂದಿತ್ತು. ಅಷ್ಟೇ.

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಎತ್ತಿ ಮತ್ತೆ ಒಳಗೆ ಬಿಟ್ಟೆ. ಅದಕ್ಕೆ ಅದೊಂದು ಆಟವಾಯಿತು. ಎರಡು ಹಲ್ಲು ಬಿಟ್ಟು ನಗುತ್ತಾ ಮತ್ತೆ ದಾಟಿ ಬಂದು ನನ್ನ ಮಂಡಿ ಹಿಡಿದು ಎದ್ದು ನಿಂತಿತು.

ಕಾವೇರಿ ಬಿಂದಿಗೆ ಹೊತ್ತು ಬಂದವಳು ಅಂಗಳದಲ್ಲೇ ನಿಂತಳು.

"ದಾಟ್ದ ಕಣವ್ವ ನಿನ್ ಮಗ," ಅಂದೆ.

"ಯಾವಾಗ?"

"ಎರಡು ಸಲ. ಮೊದಲ್ನೇ ಸಲ ನಾನೇ ಎತ್ತಿ ಒಳಕ್ಕೆ ಬುಟ್ಟೆ. ಆ ಮೂಟೆ ಇಟ್ಟಿದ್ದೂ ಅವನು ದಾಟ್ಬಾರ್ದು ಅಂತ್ಲೇ. ಅವನ ಕಾಲಿಗೆ ಏನೂ ಆಗಿಲ್ಲ."

ಅವಳು ಬಿಂದಿಗೆ ಇಳಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಒಳಗೆ ಹೋಗಿ ಅರಿಶಿನ ಕುಂಕುಮ ತಂದು ಹೊಸ್ತಿಲಿಗೆ ಹಚ್ಚಿದಳು. ಕೊಬ್ಬರಿ ಬೆಲ್ಲ ಇಟ್ಟು ಕೈಮುಗಿದಳು. ಅದರಲ್ಲೇ ಒಂದು ಚೂರು ಮುರಿದು ನನ್ನ ಬಾಯಿಗೆ ಹಾಕಿದಳು.

"ಇನ್ನೊಂದು ವಾರ ಬುಟ್ಟು ಹೇಳಿ ಕಳ್ಸಾನ ಬುಡವ್ವ," ಅಂದಳು.

ನಾನು ಬೆಲ್ಲ ನುಂಗಿದೆ.

"ಬ್ಯಾಡ. ಇವತ್ತೇ ಹೇಳ್ ಕಳ್ಸು. ವಾರ ಕೊಟ್ರೆ ನಾನು ಆ ಮೂಟೆ ತಂದು ಮತ್ತೆ ಅಲ್ಲೇ ಇಡ್ತೀನಿ."

ಅಟ್ಟ ಹತ್ತಿ ನಡೆಗಾಡಿ ಇಳಿಸಿದೆ. ಧೂಳು ಕೂತಿತ್ತು. ಸೆರಗಿನಿಂದ ಒರೆಸಿ ಕೂಸಿನ ಮುಂದಿಟ್ಟೆ.