ಬಲಗಡೆಯ ಪೋರ್ಟ್

ಕೆಂಪು ಔಷಧ ನರದೊಳಗೆ ಹೋಗುವ ಬದಲು ಚರ್ಮದ ಕೆಳಗೆ ಸೋರಿ ಪದ್ಮವ್ವನ ಬಲಗೈ ಸುಟ್ಟಿತ್ತು. ಮುಂಗೈ ಮೇಲೆ ಕಪ್ಪು ಕಲೆ, ಬೆರಳು ಮಡಚಿದರೆ ಜೀವ ಹೋದಂತಾಗುವ ನೋವು. ಕ್ಯಾನ್ಸರ್ ಎಂದು ಎಡಗಡೆಯ ಮೊಲೆ ತೆಗೆದಿದ್ದರಿಂದ ಎಡಗೈಗೆ ಸೂಜಿ ಚುಚ್ಚುವಂತಿರಲಿಲ್ಲ. ಉಳಿದದ್ದು ಇದೊಂದೇ ಕೈ. ಬೀಡಿ ಎಂಬ ಊರಿನ ಮನೆಯಲ್ಲಿ ಎಮ್ಮೆ ಹಿಂಡುವುದು, ರೊಟ್ಟಿ ಬಡಿಯುವುದು ಎಲ್ಲವೂ ಇದೇ ಕೈಯಿಂದ ಆಗಬೇಕು.

ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಾಚಿ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇನ್ನ ಈ ಕೈಗೆ ಔಷಧಿ ಬಿಡಾಕ ಬರೂದಿಲ್ರಿ. ಬಲಗಡೆ ಎದಿ ಮ್ಯಾಲೆ, ಚರ್ಮದ ಕೆಳಗ ಸಣ್ಣ ಪೋರ್ಟ್ ಕೂಡಸ್ತೀವಿ. ಔಷಧಿ ಅದರಿಂದ ನೆಟ್ಟಗ ದೊಡ್ಡ ನರಕ್ಕ ಹೋಗತೈತಿ. ಕೈ ಉಳೀತೈತಿ," ಎಂದು, ಗುಂಡಗಿನ ಬಿಲ್ಲೆಯೊಂದನ್ನು ಅವಳ ಅಂಗೈಯಲ್ಲಿಟ್ಟು ತೋರಿಸಿದರು.

"ಹೊರಗ ಕಾಣತೈತೇನ್ರಿ?" ಕೇಳಿದವಳು ಜೊತೆಗೆ ಬಂದಿದ್ದ ಸಾವಂತ್ರವ್ವ, ಪದ್ಮವ್ವನ ಗಂಡನ ಅಕ್ಕ.

"ಸ್ವಲ್ಪ ಉಬ್ಬಿರತೈತಿ."

"ಹಂಗಾದ್ರ ಎಡಗಡೆ ಹಾಕ್ರಿ. ಸೆರಗಿನಾಗ ಮುಚ್ಚತೈತಿ."

ಆಪರೇಷನ್ ಆದ ಕಡೆ ಹಾಕುವುದಿಲ್ಲ ಎಂದರು ಡಾಕ್ಟರ್. ಸಾವಂತ್ರವ್ವ ಪಕ್ಕದಲ್ಲಿ ನಿಂತಿದ್ದ ತಮ್ಮನ ಮುಖ ನೋಡಿದಳು. ಪದ್ಮವ್ವನ ಮಗಳು ಪ್ರಮಿಳಾಳನ್ನು ನೋಡಲು ಕಾಕತಿಯಿಂದ ಬೀಗರು ಬರುವವರಿದ್ದರು. ಸಂಬಂಧ ಹುಡುಕಿದವಳು ಸಾವಂತ್ರವ್ವನೇ. ಹುಡುಗಿಯ ತಾಯಿಗೆ ಏನಾಗಿದೆ ಎಂದು ಕೇಳಿದವರಿಗೆ ಪಿತ್ತದ ತ್ರಾಸು ಎಂದು ಸಾಗಹಾಕಿದ್ದಳು. ಉದುರಿದ ಕೂದಲಿಗೆ ತಲೆ ಮೇಲಿನ ಸೆರಗಿತ್ತು, ಬರಿದಾದ ಎದೆಗೆ ಕುಪ್ಪಸದೊಳಗಿನ ಅರಿವೆಯಿತ್ತು. ಈ ಉಬ್ಬನ್ನು ಎಲ್ಲಿ ಮುಚ್ಚಿಡುವುದು ಎಂಬುದೇ ಅವಳ ಚಿಂತೆ.

ಪದ್ಮವ್ವನ ಗಂಡ ಲಕ್ಷ್ಮಪ್ಪ ಗಂಟಲು ಸರಿಮಾಡಿಕೊಂಡ. "ಮದಿವಿ ಮಾತ ಮುಗೀಲ್ರಿ, ಆಮ್ಯಾಲೆ ನೋಡೂಣು. ಅಲ್ಲೀತನ ಕೈಗೇ ಹಚ್ರಿ."

ಪದ್ಮವ್ವನ ಮೈಯೆಲ್ಲ ಉರಿದುಹೋಯಿತು. ಸುಡುವುದು ತನ್ನ ಕೈ, ಹಚ್ಚಿರಿ ಎನ್ನುವುದು ಇವನ ಬಾಯಿ. ಎಮ್ಮೆಯ ಕಾಲಿಗೆ ಹುಣ್ಣಾದಾಗ ದನದ ಡಾಕ್ಟರನ್ನು ಕರೆತರಲು ಖಾನಾಪುರದ ತನಕ ಓಡಿದ್ದ ಮನುಷ್ಯನೇ ಇವನು?

"ನೀವೇನಂತೀರಿ?" ಡಾಕ್ಟರ್ ಕೇಳಿದ್ದು ಪದ್ಮವ್ವನನ್ನು. ಕಾಯಿಲೆ ಶುರುವಾದಾಗಿನಿಂದ ಈ ಮಾತು ಅವಳನ್ನು ಕೇಳಿದವರು ಯಾರೂ ಇರಲಿಲ್ಲ.

"ಹಾಕ್ರಿ," ಎಂದಳು. "ನಾಚಿಕಿ ಬರೋರು ತಮ್ಮ ಮಾರಿ ಮುಚಗೊಳ್ಳಲಿ."

ಪೋರ್ಟ್ ಕೂಡಿಸಿದರು. ಮುಂದಿನ ಸಲ ಔಷಧ ಅದರಿಂದಲೇ ಹೋಯಿತು. ಕೈ ಹಾಗೇ ಹಗುರವಾಗಿ ಮಡಿಲಲ್ಲಿತ್ತು. ಬರಬರುತ್ತ ಬೆರಳು ಮಡಚಲು ಬಂದವು, ಎಮ್ಮೆ ಹಿಂಡಲೂ ಬಂತು. ಸಾವಂತ್ರವ್ವ ಮಾತ್ರ ಆ ಉಬ್ಬನ್ನು ಕಂಡಾಗಲೆಲ್ಲ ಮುಖ ಸಿಂಡರಿಸುತ್ತಿದ್ದಳು.

ಕಾಕತಿಯವರು ಬಂದ ದಿನ ಅವಳು ಪದ್ಮವ್ವನನ್ನು ಹಿತ್ತಲಿಗೆ ಕರೆದಳು. "ನೀ ಇಲ್ಲೇ ಇರು. ಆರಾಮಿಲ್ಲ, ಮಲಗ್ಯಾಳಂತ ಹೇಳತೀನಿ."

ಹೆತ್ತ ಮಗಳನ್ನು ನೋಡಲು ಬಂದಿದ್ದಾರೆ, ಹೆತ್ತವಳು ಹಿತ್ತಲಲ್ಲಿ ಎಮ್ಮೆಗಳ ಜೊತೆ ಕೂರಬೇಕಂತೆ. ಏನು ಕದ್ದಿದ್ದಳು ಅವಳು? ಪದ್ಮವ್ವ ಸಾವಂತ್ರವ್ವನ ಕೈಯಲ್ಲಿದ್ದ ಅವಲಕ್ಕಿಯ ತಾಟನ್ನು ಇಸಿದುಕೊಂಡು ಪಡಸಾಲೆಗೆ ನಡೆದಳು. ಸೆರಗನ್ನು ಬಲಭುಜದ ಮೇಲೆ ಎಳೆದುಕೊಳ್ಳಲಿಲ್ಲ.

ಹುಡುಗನ ತಾಯಿಯ ಕಣ್ಣು ನೇರ ಅಲ್ಲಿಗೇ ಹೋಯಿತು. "ಏನ್ರೀ ಇದು, ಗಂಟು?"

"ಗಂಟಲ್ರಿ, ಪೋರ್ಟ್. ನನಗ ಎದಿ ಕ್ಯಾನ್ಸರ್ ಆಗೇತಿ. ಔಷಧಿ ಇದರಾಗಿಂದ ಹೋಗತೈತಿ."

ಬಾಗಿಲಲ್ಲಿ ನಿಂತಿದ್ದ ಸಾವಂತ್ರವ್ವ ಸುಮ್ಮಸುಮ್ಮನೆ ಕೆಮ್ಮಿದಳು. ಹುಡುಗನ ತಾಯಿ ಪ್ರಮಿಳಾಳ ಕಡೆ ನೋಡಿ ಕೇಳಿದಳು: "ಹುಡುಗಿಗೂ ಬರತೈತೇನ್ರಿ?"

"ಯಾರಿಗ್ಗೊತ್ರಿ. ನಾನೂ ಒಂದ ಮಾತ ಕೇಳತೀನಿ," ಎಂದಳು ಪದ್ಮವ್ವ. "ನಾಳಿ ಈಕಿಗೆ ಬಂತಂದ್ರ, ನಿಮ್ಮ ಮನ್ಯಾಗ ಇಂಥಾದ್ದ ಹಾಕಸ್ತೀರೋ, ಮಂದಿ ನೋಡ್ತಾರಂತ ನನ್ನ ಮಗಳ ಕೈ ಸುಡಾಕ ಬಿಡತೀರೋ? ಅದನ್ನ ಹೇಳ್ರಿ, ಆಮ್ಯಾಲೆ ಅವಲಕ್ಕಿ ತಿನ್ನೂರಂತ."

ಅವಳು ಕೇಳಿದ್ದು ಕಾಕತಿಯವರನ್ನು. ತಲೆ ತಗ್ಗಿಸಿ ನೆಲ ನೋಡುತ್ತ ಕುಳಿತವನು ಲಕ್ಷ್ಮಪ್ಪ.