ಪುಟದ ಮೇಲೆ ಅಂಗೈ

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಟೀಚರುಗಳ ಕೋಣೆಯಲ್ಲಿ ಸಭೆ ಸೇರಿತು. ಉಳಿದಿದ್ದ ಮಗು ಒಂದೇ: ಚಿತ್ರದ ಟೀಚರ ಮಗಳು ಪುಟ್ಟಿ. ಅಮ್ಮನ ಕೆಲಸ ಮುಗಿಯಲೆಂದು ಕಿಟಕಿಯ ಕೆಳಗೆ ಕೂತು ಸೀಮೆಸುಣ್ಣದ ತುಂಡುಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದಳು.

ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಓದಿಗೆ ಹೊಸ ಮಾನದಂಡ ಬಂದಿತ್ತು, ಪರೀಕ್ಷಿಸಲು ಹೊರಗಿನವರು ಬರುವವರಿದ್ದರು. ಎರಡನೇ ತರಗತಿಯ ಮಗು ಎರಡು ಪುಟದ ಕಥೆಯನ್ನು ಹೇಳಿದ ಸಮಯದೊಳಗೆ ಓದಿ ಮುಗಿಸಬೇಕು. ಬೆಳಿಗ್ಗೆ ಗಣಿತದ ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದು ಎರಡೂ ವಿಭಾಗದ ಮಕ್ಕಳನ್ನು ಓದಿಸಿ ನೋಡಿದ್ದರು. ಶಾಲೆಯಲ್ಲಿ ಅವರಿಗೆ ಗಡಿಯಾರ ಮೇಷ್ಟ್ರು ಎಂದೇ ಹೆಸರು. ಗಂಟೆ ಹೊಡೆಯುವುದು ಸ್ವಲ್ಪ ತಡವಾದರೂ ತಾವೇ ಎದ್ದು ಹೋಗಿ ಹೊಡೆದು ಬರುವ ಆಸಾಮಿ.

"ಒಂದು ಸೆಕ್ಷನ್ ಓಡ್ತು, ಇನ್ನೊಂದು ಕೂತ್ಬಿಡ್ತು," ಎಂದರು ಮೇಷ್ಟ್ರು. "ಕೂತಿದ್ದು ಯಾವುದು ಅಂತ ಬಾಯಿ ಬಿಟ್ಟು ಹೇಳ್ಬೇಕಾ?"

"ಬೇಡ ಬಿಡಿ, ನಂದೇ," ಎಂದಳು ಕಥೆ ಟೀಚರ್. ಆ ಹೆಸರು ಮಕ್ಕಳು ಇಟ್ಟಿದ್ದು. ಅವಳು ಸೋತ ಮುಖ ಮಾಡಲಿಲ್ಲ.

ಹೆಡ್ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕಹಿ ಮಾತು ಹೇಳುವ ಮುಂಚೆ ಅವರು ಹಾಗೆ ಮಾಡುವುದು ರೂಢಿ. "ನೋಡಮ್ಮಾ, ಸೋಮವಾರದಿಂದ ನಿನ್ನ ಕ್ಲಾಸಿನ ಓದಿನ ಪಿರಿಯಡ್ ಮೇಷ್ಟ್ರು ತಗೊಳ್ಳಲಿ. ನೀನು ಅವರ ಲೆಕ್ಕದ ಪಿರಿಯಡ್ ತಗೋ."

ಕಥೆ ಟೀಚರ್ ಮೇಜಿನ ಮೇಲಿದ್ದ ಓದಿನ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ದಿನವಿಡೀ ಅವಳು ಕಾಯುತ್ತಿದ್ದುದೇ ಆ ಒಂದು ಪಿರಿಯಡ್ಡಿಗೆ. ಆದರೆ ಅವಳ ಮಕ್ಕಳಿಗೆ ಓದು ಬರುತ್ತದೆಂಬುದು ಅವಳಿಗೆ ತನ್ನ ಕೈಬೆರಳಷ್ಟೇ ಖಚಿತವಾಗಿ ಗೊತ್ತಿತ್ತು.

"ಮೇಷ್ಟ್ರೇ, ಮಕ್ಕಳು ಎಲ್ಲಿ ನಿಂತ್ರು?" ಎಂದು ಕೇಳಿದಳು.

"ಎಲ್ಲಿ ಅಂದ್ರೆ? ಮೊದಲನೇ ಪುಟ ಮುಗಿಸಿ ಎಲ್ಲರೂ ಪುಟದ ಮೇಲೆ ಅಂಗೈ ಇಟ್ಕೊಂಡು ನನ್ನ ಮುಖ ನೋಡ್ತಾ ಕೂತ್ರು. ಓದ್ರೋ ಅಂದ್ರೆ ಓದಲ್ಲ. ವಾಚು ಓಡ್ತಾನೇ ಇದೆ. ನನ್ನ ಮುಖದಲ್ಲಿ ಏನು ಬರೆದಿತ್ತೋ."

ಕಥೆ ಟೀಚರ್ ನಕ್ಕುಬಿಟ್ಟಳು. ಅಂಗೈ ಇಡುವುದು ಅವಳ ಸೋದರತ್ತೆಯಿಂದ ಬಂದ ಪಾಠ. ಅತ್ತೆಗೆ ಹೊಲಿಗೆ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಇವಳು ಕಥೆ ಓದಿ ಹೇಳುವಾಗ ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿ ಪುಟದ ಮೇಲೆ ಕೈ ಊರುತ್ತಿದ್ದಳು: "ಓದೋದು ನಿನ್ನ ಕೆಲಸ, ಊಹಿಸೋದು ನಂದು. ತಡಿ." ಕಥೆ ಟೀಚರ್ ಕ್ಲಾಸಿನಲ್ಲೂ ಅದೇ ಪದ್ಧತಿ. ಪುಟ ಮುಗಿದರೆ ಅಂಗೈ. 'ಮುಂದೇನಾಗುತ್ತೆ?' ಎಂದು ಟೀಚರ್ ಕೇಳಬೇಕು, ಮಗು ಹೇಳಬೇಕು, ಆಮೇಲೆ ಪುಟ ತಿರುಗಬೇಕು. ಬೆಳಿಗ್ಗೆ ಪಾಪ, ಮೇಷ್ಟ್ರು ಕೇಳುತ್ತಾರೆಂದು ಎಲ್ಲರೂ ಕಾದಿದ್ದಾರೆ.

"ಪುಟ್ಟಿ, ಬಾ ಇಲ್ಲಿ," ಎಂದಳು. ಪುಟ್ಟಿ ಅವಳ ಕ್ಲಾಸಿನವಳೇ. "ಮೇಷ್ಟ್ರಿಗೆ ಇನ್ನೊಂದ್ಸಲ ಓದು. ಈ ಸಲ ಪ್ರಶ್ನೆ ನೀನೇ ಕೇಳು."

ಮೇಷ್ಟ್ರು ವಾಚಿನ ಗುಂಡಿ ಒತ್ತಿದರು, ಪುಟ್ಟಿ ಮೇಜಿನ ಬಳಿ ನಿಂತು ಓದತೊಡಗಿದಳು. ಒಂದು ಮೇಕೆ ದೋಣಿ ಹತ್ತುತ್ತದೆ. ಹೊಳೆ ದಾಟಿದರೂ ಇಳಿಯುವುದಿಲ್ಲ. ಎಳೆದರೂ ಇಲ್ಲ, ಸೊಪ್ಪು ತೋರಿಸಿದರೂ ಇಲ್ಲ. ಅಲ್ಲಿಗೆ ಪುಟ ಮುಗಿಯಿತು. ಪುಟ್ಟಿ ಅಂಗೈ ಇಟ್ಟಳು.

"ಮುಂದೇನಾಗುತ್ತೆ ಹೇಳಿ ಸಾರ್."

ಮೇಷ್ಟ್ರು ಕತ್ತು ಚಾಚಿ ಪುಟದ ಕಡೆ ನೋಡಿದರು, ಅಂಗೈ ಅಡ್ಡ ಇತ್ತು. ಬೆಳಿಗ್ಗೆಯಿಂದ ಕೇಳಿದ ಕಥೆ ಅದು. ಆದರೆ ಕೇಳುವಾಗ ಅವರ ಕಣ್ಣು ವಾಚಿನ ಮುಳ್ಳಿನ ಮೇಲಿತ್ತು.

"ದೋಣಿಯವನು ಹೊತ್ತುಕೊಂಡು ಇಳಿಸ್ತಾನೆ," ಎಂದರು ಕೊನೆಗೆ.

"ಎಲ್ಲರೂ ಮೊದಲು ಅದನ್ನೇ ಹೇಳೋದು," ಎಂದು ಪುಟ್ಟಿ ಪುಟ ತಿರುಗಿಸಿ ನೀರು ಹರಿದಂತೆ ಓದಿದಳು. ದೋಣಿಯವನು ಸೋತು, ಮೇಕೆಯ ಕೊರಳಿಗೆ ಗಂಟೆ ಕಟ್ಟಿ ಕೆಲಸಕ್ಕೆ ಇಟ್ಟುಕೊಂಡ. ಅಂದಿನಿಂದ ದೋಣಿ ಹೊರಡುವ ಹೊತ್ತಿಗೆ ಸರಿಯಾಗಿ ಮೇಕೆ ಗಂಟೆ ಅಲ್ಲಾಡಿಸುತ್ತದೆ.

"ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತೆ ಅಂದ್ರೆ," ಎಂದರು ಚಿತ್ರದ ಟೀಚರ್, "ಮೇಷ್ಟ್ರ ಕಡೆಯ ಸಂಬಂಧ ಇರಬೇಕು."

ಹೆಡ್ ಮೇಡಂ ಸೆರಗು ಬಾಯಿಗೆ ಒತ್ತಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ. ನಗುತ್ತಲೇ ಕೈಯಲ್ಲಿದ್ದ ವಾಚು ನೋಡಿದರು. ಉತ್ತರ ಹುಡುಕುವಾಗ ಅವರ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿ ನಿಲ್ಲಿಸಿತ್ತು. ಓದು ಶುರುವಾದಾಗ ಮತ್ತೆ ಒತ್ತಿತ್ತು, ಮುಗಿದಾಗ ಇನ್ನೊಮ್ಮೆ. ಹಳೆಯ ಅಭ್ಯಾಸದ ಕೈ.

"ಓದಿದ ಹೊತ್ತನ್ನಷ್ಟೇ ಹಿಡಿದ್ರೆ ಸಮಯದೊಳಗೆ ಮುಗಿದಿದೆ," ಎಂದರು. ಲೆಕ್ಕದಲ್ಲಿ ಅವರು ಸುಳ್ಳು ಹೇಳುವವರಲ್ಲ. "ಆದ್ರೆ ಪರೀಕ್ಷೆಗೆ ಹೊರಗಿಂದ ಬರೋರು ಹೀಗೆ ನಿಲ್ಲಿಸಲ್ಲಮ್ಮಾ."

"ಅದು ನಿಜ," ಎಂದಳು ಕಥೆ ಟೀಚರ್. "ನಿಲ್ಲೋದು ಕಲಿಸಿದೆ, ಎಲ್ಲಿ ನಿಲ್ಲಬಾರದು ಅಂತ ಕಲಿಸಲಿಲ್ಲ. ಹೊರಗಿನೋರ ಮುಂದೆ ಅಂಗೈನ ಮನಸ್ಸಲ್ಲೇ ಇಡಿ ಅಂತೀನಿ. ಬೇಗ ಕಲೀತಾರೆ. ತಡವರಿಸೋ ಮಕ್ಕಳೂ ಇದ್ದಾರೆ, ಇಲ್ಲ ಅನ್ನಲ್ಲ. ಅವರಿಗೆ ದಿನಾ ನೀವು ಓದಿಸಿ ಮೇಷ್ಟ್ರೇ, ವಾಚು ಹಿಡಿದೇ ಓದಿಸಿ. ಪಿರಿಯಡ್ ಮಾತ್ರ ನಂದೇ ಇರಲಿ."

ಹೆಡ್ ಮೇಡಂ ಕನ್ನಡಕ ಹಾಕಿಕೊಂಡರು. "ಇರಲಿ. ನಾಳೆ ಆ ಮಕ್ಕಳನ್ನೆಲ್ಲ ಇನ್ನೊಮ್ಮೆ ಓದಿಸಿ ಮೇಷ್ಟ್ರೇ."

ಕುರ್ಚಿಗಳು ಸರಿದವು. ಎಲ್ಲರೂ ಚೀಲ ಎತ್ತಿಕೊಂಡರು. ಮೇಷ್ಟ್ರು ಮಾತ್ರ ಮೇಜಿನ ಬಳಿಯೇ ನಿಂತು ಮೇಕೆಯ ಪುಸ್ತಕವನ್ನು ಎಳೆದುಕೊಂಡರು.

"ಇದರಲ್ಲಿ ಮುಂದಿನ ಕಥೆ ಯಾವುದೋ?"

ಅವರು ಪುಟ ತಿರುಗಿಸುವ ಮುಂಚೆ ಪುಟ್ಟಿ ಅದರ ಮೇಲೆ ಅಂಗೈ ಇಟ್ಟಳು.