ಸರ್ಜನ್, ಸಜ್ಜನ, ನಂದಾ

ಅಕ್ಕಲಕೋಟದ ಬಾಲವಾಡಿಯಲ್ಲಿ ಕಲಿಸುವ ಉಜ್ವಲಾಬಾಯಿಗೆ ಒಂದೇ ಆಸೆ: ಸೋಲಾಪುರ ಶಾಖೆಗೆ ಬದಲಿ, ಅಂದರೆ ವರ್ಗಾವಣೆ. ಮನೆ ಅಲ್ಲೇ ಇತ್ತು. ದಿನಾ ಬಸ್ಸಿನಲ್ಲಿ ನಿಂತು ನಿಂತು ಅವರ ವಿದ್ಯೆಯೆಲ್ಲ ಮೊಣಕಾಲಿಗೆ ಇಳಿದಿತ್ತು. ಬದಲಿ ಕೊಡುವ ಪ್ರಾಜಕ್ತಾ ಮೇಡಂ ಸೋಲಾಪುರದಿಂದ ಫೋನು ಮಾಡಿ, "ಸೋಮವಾರ ಬರ್ತೀನ್ರಿ ಬಾಯಿ. ಮಕ್ಕಳೊಳಗ ಸರ್ಜನಶೀಲತಾ ಕಾಣ್ಬೇಕು, ಕಂಡ್ರನ ಬದಲಿ" ಅಂದರು.

ನಮ್ಮ ಸೃಜನಶೀಲತೆ ಮರಾಠಿಗೆ ಹೋದರೆ ಸರ್ಜನಶೀಲತಾ ಆಗುತ್ತದೆ. ಉಜ್ವಲಾಬಾಯಿಯ ಕಿವಿಗೆ ಹೋದರೆ ಎರಡು ತುಂಡಾಗುತ್ತದೆ: ಸರ್ಜನ್ ಮತ್ತು ಶೀಲ. ಮಕ್ಕಳು ಡಾಕ್ಟರೂ ಆಗಬೇಕು, ಗದ್ದಲವನ್ನೂ ಮಾಡಬಾರದು. ಪಾಲಕರಿಗೂ ಇದು ಬಲು ಹಿಡಿಸಿತು. ಅಪ್ಪಂದಿರ ಬಿಳಿ ಅಂಗಿಗಳೆಲ್ಲ ಮಕ್ಕಳ ಡಾಕ್ಟರ್ ಕೋಟುಗಳಾದವು.

ಸೋಮವಾರ ಸರ್ಜನ್‌ಗಳೆಲ್ಲ ಸಜ್ಜನರಾಗಿ ಸಾಲಾಗಿ ಕೂತರು. ಎದುರಿಗೆ ಉಜ್ವಲಾಬಾಯಿಯೇ ಬರೆದ ಹೃದಯದ ಚಿತ್ರ. ಕೆಂಪು ಬಣ್ಣ ತುಂಬಬೇಕು, ಅಷ್ಟೇ.

"ಗೆರಿ ದಾಟಿದ್ರ ಪೇಶಂಟ್ ಸಾಯ್ತಾನ ನೋಡ್ರಿ!"

ಕುರನೂರಿನ ನಂದಾ ಮಾತ್ರ ಅಪ್ಪನ ಬಿಳಿ ಅಂಗಿ ಬಿಚ್ಚಿ ಬಾಗಿಲಲ್ಲಿ ಹಾಸಿ, ಮೇಲೆ ಚಪ್ಪಲಿ ತೇಲಿಬಿಟ್ಟಿದ್ದಳು.

"ಏ ನಂದಾ, ನಿನ್ನ ಸರ್ಜನ್ ಎಲ್ಲಿ?"

"ಈಜಾಕ ಹೋಗ್ಯಾನ್ರಿ."

ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು. ನಂದಾ ಚೀರಿದಳು: "ಅಲ್ಲಿ ಕಾಲ್ ಇಡಬ್ಯಾಡ್ರಿ! ನಮ್ಮೂರ ಬೋರಿ ಹೊಳಿ ಅದು, ಭಾಳ ಆಳ ಅದ!"

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. "ವಾ! ಹೀಚ, ಇದಽ ಸರ್ಜನಶೀಲತಾ! ಯಾರ್ ಕಲ್ಸಿದ್ರು?"

"ನಾನಽ ರೀ" ಅಂದರು ಬಾಯಿ, ರೆಪ್ಪೆ ಬಡಿಯದೆ.

"ಹಂಗಾರ ಎಲ್ಲಾರ ಕಡಿಂದ ಮಾಡಸ್ರಿ, ವಿಡಿಯೊ ತೆಗೀತೀನಿ. ಎಲ್ಲಾ ಒಂದಽ ಥರ ಬರಬೇಕು ಮತ್ತ!"

ಸರ್ಜನ್‌ಗಳೆಲ್ಲ ಕೋಟು ಕಳಚಿದರು. ಕ್ಷಣದಲ್ಲಿ ಸಾಲು ಸಾಲು ಬೋರಿ ಹೊಳೆ, ತಲಾ ಒಂದು ಜೊತೆ ಚಪ್ಪಲಿ, ಎಲ್ಲದರ ಮೂತಿ ಮೇಡಂ ಕಡೆಗೆ. ನಂದಾ ಮಾತ್ರ ಅಂಗಿಯನ್ನು ಗಂಟು ಕಟ್ಟಿ ತಲೆಯ ಮೇಲೆ ಇಟ್ಟುಕೊಂಡು ಹೊರಟಿದ್ದಳು.

"ನಿನ್ನ ಹೊಳಿ ಎಲ್ಲೇ?"

"ಹೊಳಿ ಬತ್ತಿತ್ರಿ ಬಾಯಿ. ಈಗ ಇದು ಬುತ್ತಿ. ಅಪ್ಪಗ ಹೊಲಕ್ಕ ಒಯ್ಯಾಕತ್ತೀನಿ."

ಮೇಡಂ ಫೋನು ಇಳಿಸಿದರು. "ಏನ್ರಿ ಬಾಯಿ, ಈ ಹುಡುಗಿ ಹೇಳಿದ್ದ ಕೇಳಂಗಿಲ್ಲೇನು?"

ಉಜ್ವಲಾಬಾಯಿಗೆ ಸೋಲಾಪುರ ಕಣ್ಣೆದುರೇ ಜಾರಿದಂತಾಯಿತು. ನಂದಾಳನ್ನು ಬುತ್ತಿ ಸಮೇತ ಹೊರಗೆ ಕೂರಿಸಿದರು. ವಿಡಿಯೊ ಬಹಳ ಚಂದ ಬಂತು. ಬದಲಿಯೂ ಬಂತು.

ಹೋಗುವ ದಿನ ಬಾಯಿ ನಂದಾಳ ಗಲ್ಲ ಸವರಿ ಬುದ್ಧಿ ಹೇಳಿದರು: "ಹೊಳಿ ಅಂದ್ರ ಕಡೀತನಾ ಹೊಳಿನಽ ಇರಬೇಕು, ತಂಗಿ. ಹಿಂಗ ಮನಸಿಗೆ ಬಂದಂಗ ಮಾಡಿದ್ರ ನಿನ್ನೊಳಗ ಸರ್ಜನಶೀಲತಾ ಹೆಂಗ ಬರ್ತದ?"